ಗಿರಕಿ ಹೊಡೆವಾಗ ಫೋಟೊ ಯಾಕೆ ಕಲಸಿಹೋಗುತ್ತದೆ?

ಪ್ರಶ್ನೆ: ನನ್ನ ಹತ್ತಿರ 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ತುಸು ಚಿಕ್ಕ ಅಳತೆಯ ಸೆನ್ಸರಿನ) ಕ್ಯಾಮೆರಾ ಇದೆ. ಅದರ ಜೊತೆಗೇ ಬಂದ 18–55 ಕಿಟ್ ಲೆನ್ಸ್, ಆಮೇಲೆ ಕೊಂಡ 50 ಎಂ.ಎಂ. ಎಫ್ 1.8 ಲೆನ್ಸ್ ಎರಡೂ ಇವೆ. ಮಗಳು ಭರತನಾಟ್ಯ ಮಾಡುತ್ತಾಳೆ. ನಮ್ಮೂರು ಕರಾವಳಿಯಾದ್ದರಿಂದ ವರ್ಷಕ್ಕೆ ನಾಲ್ಕೈದು ಯಕ್ಷಗಾನ ಬಯಲಾಟವೂ ಸಿಗುತ್ತದೆ. ನಿಂತಿದ್ದಾಗ ತೆಗೆದ ಫೋಟೊ ಚೆನ್ನಾಗಿಯೇ ಬರುತ್ತದೆ, ಕುಣಿತ ಶುರುವಾದರೆ ಕೈಕಾಲು ಕಲಸಿದ ಹಾಗಾಗುತ್ತದೆ. ಮುಖ ಸುಣ್ಣ ಬಳಿದಂತೆ ಬೆಳ್ಳಗೆ, ಕೆಂಪು ಸೀರೆ ನೆರಿಗೆಯೇ ಕಾಣದ ಮುದ್ದೆ. ಸಭೆಯಲ್ಲಿ ಸದ್ದಾಗಬಾರದೆಂದು ಸೈಲೆಂಟ್ ಮೋಡ್ ಹಾಕಿದರೆ ಚಿತ್ರದ ತುಂಬ ಅಡ್ಡಡ್ಡ ಕಪ್ಪು ಪಟ್ಟಿಗಳು. ಇದಕ್ಕೆ ಹೊಸ ಕ್ಯಾಮೆರಾ ಕೊಳ್ಳಲೇಬೇಕೆ?

ಉತ್ತರ: ಬೇಡ. ನಿಮ್ಮಲ್ಲಿರುವ 50 ಎಂ.ಎಂ. ಲೆನ್ಸೇ ಈ ಕೆಲಸದ್ದು. ಸಂಜೆ ಕಾರ್ಯಕ್ರಮಕ್ಕೆ ಹೊರಡುವಾಗ ಕಿಟ್ ಲೆನ್ಸನ್ನು ಮನೆಯಲ್ಲೇ ಬಿಟ್ಟುಬಿಡಿ. ನೀವು ಹೇಳಿದ ನಾಲ್ಕು ತೊಂದರೆಗೂ ಕಾರಣ ಬೇರೆ ಬೇರೆ, ನಾಲ್ಕಕ್ಕೂ ಮದ್ದು ಕ್ಯಾಮೆರಾದ ಮೆನುವಿನಲ್ಲೇ ಇದೆ. ಆದರೆ ಮದ್ದೆಲ್ಲ ಹಾಕಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಕುಣಿತದ ಫೋಟೊ ಅರ್ಧಕ್ಕಿಂತ ಹೆಚ್ಚು ಕಿವಿಯಿಂದ ತೆಗೆಯುವಂಥದ್ದು. ಶಟರು, ಐಎಸ್‌ಒ (ಕ್ಯಾಮೆರಾ ಬೆಳಕನ್ನು ಎಷ್ಟು ಹಿಗ್ಗಿಸುತ್ತದೆ ಎಂಬ ಅಂಕಿ) ಲೆಕ್ಕವನ್ನೆಲ್ಲ ಮೊದಲೇ ಮುಗಿಸಿಕೊಂಡು, ರಂಗದ ಮುಂದೆ ತಾಳ ಕೇಳುತ್ತ ಕೂರುವಂತಾಗಬೇಕು. ಕೆಳಗೆ ಹೇಳುವ ಲೆಕ್ಕವೆಲ್ಲ ಅದಕ್ಕಾಗಿ.

ಮೊದಲು ಕಲಸುವ ವಿಷಯ. ಶಟರ್ ತೆರೆದಿರುವಷ್ಟು ಹೊತ್ತಿನಲ್ಲಿ ಕೈ ಎಷ್ಟು ದೂರ ಸರಿಯಿತೋ ಅಷ್ಟು ಉದ್ದಕ್ಕೆ ಚಿತ್ರ ಎಳೆದುಕೊಳ್ಳುತ್ತದೆ. ವೇಷಧಾರಿ ಸೆಕೆಂಡಿಗೊಂದು ಸುತ್ತಿನಂತೆ ಗಿರಕಿ ಹೊಡೆಯುತ್ತಿದ್ದಾರೆ, ಚಾಚಿದ ಕೈಯ ತುದಿ ಮೈಯ ನಡುಗೆರೆಯಿಂದ 70 ಸೆಂಟಿಮೀಟರ್ ದೂರ ಇದೆ ಎಂದಿಟ್ಟುಕೊಳ್ಳಿ. ಆ ಬೆರಳ ತುದಿ ಸೆಕೆಂಡಿಗೆ ಸುಮಾರು 4.4 ಮೀಟರ್ ಓಡುತ್ತಿರುತ್ತದೆ. ಶಟರ್ 1/60 ಸೆಕೆಂಡು ಇದ್ದರೆ ಬೆರಳು 7 ಸೆಂಟಿಮೀಟರ್‌ಗಿಂತ ಹೆಚ್ಚು ಸರಿದಿರುತ್ತದೆ, ಅಂದರೆ ಅಂಗೈಯಷ್ಟು ಅಗಲ. 1/500 ಇದ್ದರೆ 9 ಮಿಲಿಮೀಟರ್, 1/1000 ಇದ್ದರೆ ನಾಲ್ಕೂವರೆಗೂ ಕಡಿಮೆ. ಅದೇ ಹೊತ್ತಿನಲ್ಲಿ ಮುಖ ಸುತ್ತಿನ ನಡುವಿಗೆ ಹತ್ತಿರದಲ್ಲಿ, ಹೆಚ್ಚೆಂದರೆ 10 ಸೆಂಟಿಮೀಟರ್ ದೂರದಲ್ಲಿ ತಿರುಗುತ್ತಿರುವುದರಿಂದ 1/500 ರಲ್ಲಿ ಒಂದೂಕಾಲು ಮಿಲಿಮೀಟರ್ ಮಾತ್ರ ಸರಿದಿರುತ್ತದೆ. ಹಾಗಾಗಿ 1/500 ರಲ್ಲಿ ಕಣ್ಣು ಗೆರೆ ಕೊರೆದಂತೆ ನಿಂತು, ಬೆರಳ ತುದಿಯಲ್ಲಿ ಮಾತ್ರ ಒಂಚೂರು ಓಟ ಉಳಿಯುತ್ತದೆ. ಆ ಓಟ ಇರಲಿ. ಬೆರಳೂ ಕಲ್ಲಿನಂತೆ ನಿಂತುಬಿಟ್ಟರೆ ಗಿರಕಿಯೋ ಸುಮ್ಮನೆ ನಿಂತದ್ದೋ ನೋಡುವವರಿಗೆ ತಿಳಿಯುವುದಿಲ್ಲ.

ಗಿರಕಿಯಲ್ಲೇ ಇನ್ನೊಂದು ಗುಟ್ಟಿದೆ. ಕೈಗಳನ್ನು ಎರಡೂ ಬದಿಗೆ ಚಾಚಿ ಮುಖ ನಿಮ್ಮ ಕಡೆ ತಿರುಗಿದ ಕ್ಷಣದಲ್ಲಿ ಒಂದು ಕೈ ನಿಮ್ಮ ಕಡೆಗೆ ಬರುತ್ತಿರುತ್ತದೆ, ಇನ್ನೊಂದು ನಿಮ್ಮಿಂದ ದೂರ ಹೋಗುತ್ತಿರುತ್ತದೆ. ಲೆನ್ಸಿನ ನೇರಕ್ಕೆ ಬರುವ, ಹೋಗುವ ಚಲನೆ ಚಿತ್ರದಲ್ಲಿ ಹೆಚ್ಚು ಕಾಣುವುದಿಲ್ಲ. ಅಡ್ಡಕ್ಕೆ ಹಾಯುವ ಚಲನೆಯೇ ಕಲಸುವುದು. ಕಾಲು ಸುತ್ತು ಮುಂದೆ ಹೋದರೆ ಮುಖ ಪಕ್ಕಕ್ಕೆ ತಿರುಗಿ, ಕೈ ನಿಮ್ಮೆದುರಿಗೆ ಅಡ್ಡ ಹಾಯುತ್ತದೆ. ಮುಖವೂ ಇಲ್ಲ, ಕೈಯೂ ಇಲ್ಲ. ಅಂದಮೇಲೆ ಮುಖ ಎದುರಾಗುವ ಕ್ಷಣವೇ ಕೈ ಕೂಡ ಅತಿ ಕಡಿಮೆ ಕಲಸುವ ಕ್ಷಣ. ಮೊದಲ ಎರಡು ಸುತ್ತನ್ನು ಸುಮ್ಮನೆ ನೋಡಿ, ಮುಖ ಎದುರಾಗುವ ಲಯವನ್ನು ಮನಸ್ಸಿನಲ್ಲೇ ಎಣಿಸಿ, ಮೂರನೆಯ ಸುತ್ತಿಗೆ ಗುಂಡಿ ಒತ್ತಿ.

ಜಿಗಿತದ ಲೆಕ್ಕ ಬೇರೆ. 30 ಸೆಂಟಿಮೀಟರ್ ಎತ್ತರಕ್ಕೆ ಹಾರಿದರೆ ಗಾಳಿಯಲ್ಲಿರುವುದು ಸುಮಾರು ಅರ್ಧ ಸೆಕೆಂಡು. ಅದರಲ್ಲಿ 0.2 ಸೆಕೆಂಡು ಮೇಲಿನ 5 ಸೆಂಟಿಮೀಟರಿನಲ್ಲೇ ಕಳೆಯುತ್ತದೆ, ಯಾಕೆಂದರೆ ತುದಿ ಮುಟ್ಟುವಾಗ ವೇಗ ಸೊನ್ನೆಗೆ ಇಳಿದು ಮತ್ತೆ ಶುರುವಾಗಬೇಕು. ಆ ತುದಿಯಲ್ಲಿ ಒತ್ತಿದರೆ 1/320 ಕ್ಕೂ ಮೈ ನಿಲ್ಲುತ್ತದೆ. ಜಡೆ, ಗೆಜ್ಜೆಯ ಪಟ್ಟಿ, ವೇಷದ ಸೆರಗು ಮಾತ್ರ ಇನ್ನೂ ಹಾರುತ್ತಿರುತ್ತವೆ, ಅದು ಚಿತ್ರಕ್ಕೆ ಒಳ್ಳೆಯದೇ.

ಒಟ್ಟಿನಲ್ಲಿ ಪದ, ಜಾವಳಿಯಂಥ ಅಭಿನಯಕ್ಕೆ, ಯಕ್ಷಗಾನದಲ್ಲಿ ಅರ್ಥಗಾರಿಕೆ ನಡೆಯುವಾಗ 1/160 ರಿಂದ 1/200 ಸಾಕು. ಜತಿಸ್ವರ, ತಿಲ್ಲಾನ, ವರ್ಣದ ಜತಿಗಳಿಗೆ (ತಾಳದ ಸೊಲ್ಲುಗಳಿಗೆ ಹಾಕುವ ಬಿರುಸಿನ ಹೆಜ್ಜೆಗಳಿಗೆ) 1/400, 1/500. ಯಕ್ಷಗಾನದಲ್ಲಿ ತೆಂಕುತಿಟ್ಟಿನ (ದಕ್ಷಿಣದ ಶೈಲಿಯ) ಧೀಂಗಿಣ ಎಂಬ ಗಿರಕಿ, ಬಡಗಿನ (ಉತ್ತರದ ಶೈಲಿಯ) ಮಂಡಿಯೂರಿ ಸುತ್ತುವ ಮಂಡಿ, ಅದಕ್ಕೆ ಬೆಳಕು ಬಿಟ್ಟುಕೊಟ್ಟರೆ 1/800 ತನಕ ಹೋಗಿ, ಇಲ್ಲವಾದರೆ 1/500 ರಲ್ಲೇ ಮೇಲೆ ಹೇಳಿದ ಕ್ಷಣ ಹಿಡಿಯಿರಿ. ಲೆನ್ಸಿನಲ್ಲಿರುವ ಸ್ಟೆಬಿಲೈಸೇಶನ್ ನಂಬಿಕೊಂಡು ಶಟರ್ ಇಳಿಸುವವರು ತುಂಬ ಜನ. ಅದು ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ಕುಣಿಯುವವರ ಕೈಯನ್ನು ತಡೆಯಲಾರದು.

ಇಷ್ಟು ವೇಗದ ಶಟರಿಗೆ ಬೆಳಕು ಎಲ್ಲಿಂದ ತರುವುದು? ಇಲ್ಲೇ 50 ಎಂ.ಎಂ. ಲೆನ್ಸಿನ ಬೆಲೆ ತಿಳಿಯುವುದು. ನಿಮ್ಮ ಕಿಟ್ ಲೆನ್ಸ್ 55 ಕ್ಕೆ ಎಳೆದಾಗ ಎಫ್ 5.6 ಕ್ಕೆ ನಿಲ್ಲುತ್ತದೆ. ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು. ಎಫ್ 1.8 ಅದಕ್ಕಿಂತ ಹತ್ತಿರ ಹತ್ತಿರ 10 ಪಟ್ಟು ಬೆಳಕು ಒಳಗೆ ಬಿಡುತ್ತದೆ. ಸಣ್ಣ ಸಭಾಂಗಣದ ಸಾಧಾರಣ ಬೆಳಕಿನಲ್ಲಿ 1/500 ಶಟರಿಗೆ ಎಫ್ 2 ಇಟ್ಟರೆ ಐಎಸ್‌ಒ 3200 ರ ಆಸುಪಾಸಿನಲ್ಲಿ ಕೆಲಸ ಆಗುತ್ತದೆ. ಅದೇ ಬೆಳಕಿಗೆ ಕಿಟ್ ಲೆನ್ಸ್ 25,600 ಕೇಳುತ್ತದೆ. ಪೂರ್ತಿ 1.8 ಕ್ಕೆ ತೆರೆಯುವ ಬದಲು ಎಫ್ 2 ಅಥವಾ 2.2 ಇಡಿ. ಬೆಳಕಿನಲ್ಲಿ ಹೆಚ್ಚು ಕಳೆದುಕೊಳ್ಳುವುದಿಲ್ಲ, ರೆಪ್ಪೆಯ ಗೆರೆ ಇನ್ನಷ್ಟು ಬಿಗಿಯಾಗಿ ಬರುತ್ತದೆ.

ಐಎಸ್‌ಒ 6400 ಕಂಡು ಹೆದರಬೇಡಿ. ಕಾಳುಕಾಳಾದ ಚಿತ್ರವನ್ನು ಮನೆಗೆ ಬಂದು ಸರಿಮಾಡಬಹುದು, ಕಲಸಿದ ಚಿತ್ರವನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಬಿಡಿಸಿಕೊಡುವುದಿಲ್ಲ. ಐಎಸ್‌ಒ ಕಡಿಮೆ ಇಟ್ಟು ಕತ್ತಲೆಯಾಗಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಎರಡು ಮೂರು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಎತ್ತುವುದೂ ತಪ್ಪು. ಕಾಳು ಕಡಿಮೆಯಾಗುವುದಿಲ್ಲ, ಎಷ್ಟೋ ಕ್ಯಾಮೆರಾಗಳಲ್ಲಿ ನೆರಳಿನ ಜಾಗ ನೇರಳೆಗೆ ತಿರುಗಿ ಇನ್ನೂ ಕೆಡುತ್ತದೆ.

ಸೆಟ್ಟಿಂಗ್ ಹೀಗಿರಲಿ: ಮ್ಯಾನುಯಲ್ ಮೋಡ್, ಶಟರ್ 1/500, ಎಫ್ 2, ಐಎಸ್‌ಒ ಆಟೊ, ಅದರ ಗರಿಷ್ಠ ಮಿತಿ 6400, ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಮೀಟರು ಹೇಳಿದ್ದಕ್ಕಿಂತ ಬೆಳಕು ಏರಿಸುವ, ಇಳಿಸುವ ಆಯ್ಕೆ) ಮೈನಸ್ 0.7 ರಿಂದ ಮೈನಸ್ 1. ಫೈಲ್ ರಾ, ಎಂದರೆ ಸೆನ್ಸರ್ ಕೊಟ್ಟ ಮಾಹಿತಿಯೆಲ್ಲ ಉಳಿಯುವ ಬಗೆ. ಕೆಲವು ಹಳೆಯ ಕ್ಯಾಮೆರಾಗಳಲ್ಲಿ ಮ್ಯಾನುಯಲ್ ಮತ್ತು ಆಟೊ ಐಎಸ್‌ಒ ಒಟ್ಟಿಗಿದ್ದಾಗ ಕಾಂಪೆನ್ಸೇಶನ್ ಕೆಲಸ ಮಾಡುವುದಿಲ್ಲ. ನಿಮ್ಮದೂ ಹಾಗಿದ್ದರೆ ಮೊದಲ ನೃತ್ಯವಾದ ಅಲರಿಪ್ಪು ನಡೆಯುವಾಗ ನಾಲ್ಕು ಫೋಟೊ ತೆಗೆದು, ಮುಖ ಸರಿ ಬರುವ ಐಎಸ್‌ಒ ಕಂಡುಹಿಡಿದು ಅಲ್ಲಿಗೇ ಕಟ್ಟಿಹಾಕಿ. ಬಯಲಾಟದಲ್ಲಿ ಇದೇ ಒಳ್ಳೆಯದು. ರಂಗಸ್ಥಳದ ದೀಪಗಳು ಆಟ ಮುಗಿಯುವ ತನಕ ಹೆಚ್ಚುಕಡಿಮೆ ಒಂದೇ ತರ ಉರಿಯುತ್ತವೆ.

ಮೈನಸ್ ಯಾಕೆಂದರೆ, ನಿಮ್ಮ ಎರಡನೆಯ ತೊಂದರೆ ಅಲ್ಲಿದೆ. ಹಿಂದೆ ಕಪ್ಪು ಪರದೆ, ನಡುವೆ ಒಬ್ಬಳೇ ನರ್ತಕಿ. ಕ್ಯಾಮೆರಾದ ಮೀಟರು ಇಡೀ ಚೌಕಟ್ಟಿನ ಸರಾಸರಿ ನೋಡಿ, ‘ಅಯ್ಯೋ ಕತ್ತಲೆ’ ಎಂದು ಬೆಳಕು ಏರಿಸುತ್ತದೆ. ಪರದೆ ಬೂದಿ ಬಣ್ಣಕ್ಕೆ ಬರುತ್ತದೆ, ಮುಖ ಸುಣ್ಣವಾಗುತ್ತದೆ. ಯಕ್ಷಗಾನದಲ್ಲಿ ಇದು ಇನ್ನೂ ಕಷ್ಟ. ಮುಖವರ್ಣಿಕೆಯ ಬಿಳಿ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಅದರಲ್ಲೂ ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದ ಮೇಲೆ ಇಡುವ ಚಿಟ್ಟಿಯ ಬಿಳಿ ಮುಳ್ಳುಗಳು ಎಲ್ಲಕ್ಕಿಂತ ಮೊದಲು ಹಾರಿಹೋಗುತ್ತವೆ. ಆ ಮುಳ್ಳುಗಳು ಒಂದೊಂದೂ ಬೇರೆಯಾಗಿ ಕಾಣುವಷ್ಟಕ್ಕೆ ಬೆಳಕು ಇಳಿಸಿದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ. ಭುಜಕೀರ್ತಿ, ಕಿರೀಟಗಳ ಬೇಗಡೆ ಮಿಂಚುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಅದು ಮಿಂಚಲಿಕ್ಕೇ ಇರುವುದು.

ಕೆಂಪು ಮುದ್ದೆಯಾಗುವುದು ಮೂರನೆಯ ತೊಂದರೆ, ಇದಕ್ಕೆ ಹತ್ತಿರದ್ದು. ಕ್ಯಾಮೆರಾ ತೋರಿಸುವ ಬಿಳಿ ಹಿಸ್ಟೋಗ್ರಾಮ್ (ಕತ್ತಲೆಯಿಂದ ಬೆಳಕಿನವರೆಗಿನ ಹಂಚಿಕೆಯ ನಕ್ಷೆ) ಮೂರೂ ಬಣ್ಣ ಸೇರಿದ ಲೆಕ್ಕ. ಅದರಲ್ಲಿ ಎಲ್ಲ ಸರಿಯಿದ್ದಂತೆ ಕಂಡರೂ ಕೆಂಪು ಬಣ್ಣವೊಂದೇ ತುಂಬಿ ತುಳುಕಿರುತ್ತದೆ. ತುಂಬಿದ ಮೇಲೆ ರೇಷ್ಮೆಯ ನೆರಿಗೆಗೂ ಅಂಚಿಗೂ ವ್ಯತ್ಯಾಸ ಉಳಿಯುವುದಿಲ್ಲ. ಮೆನುವಿನಲ್ಲಿ ಆರ್‌ಜಿಬಿ ಹಿಸ್ಟೋಗ್ರಾಮ್ ಹಾಕಿಕೊಂಡು ಕೆಂಪು ಗೆರೆ ಬಲಗೋಡೆಗೆ ಒತ್ತಿ ನಿಂತಿದೆಯೇ ನೋಡಿ. ಒತ್ತಿದ್ದರೆ ಇನ್ನೂ ಅರ್ಧ ಸ್ಟಾಪ್ ಇಳಿಸಿ. ಕೆಂಪು ಎಲ್‌ಇಡಿ ಪಾರ್ ದೀಪ (ರಂಗದ ಡಬ್ಬಿ ದೀಪ) ಒಂದೇ ಬಿದ್ದಾಗ ಯಾವ ಸೆಟ್ಟಿಂಗೂ ಕೈಹಿಡಿಯುವುದಿಲ್ಲ, ಯಾಕೆಂದರೆ ಹಸಿರು, ನೀಲಿಯ ಮಾಹಿತಿಯೇ ಅಲ್ಲಿ ಇರುವುದಿಲ್ಲ. ಅಂಥ ಚಿತ್ರವನ್ನು ಕಪ್ಪುಬಿಳುಪು ಮಾಡಿದರೆ ಸ್ವಲ್ಪ ಮುಖ ಸಿಗುತ್ತದೆ. ನಿಜವಾದ ಪರಿಹಾರವೆಂದರೆ ಕಾರ್ಯಕ್ರಮದ ಮೊದಲೇ ಬೆಳಕಿನ ಹೊಣೆ ಹೊತ್ತವರ ಹತ್ತಿರ ಹೋಗಿ, ‘ಬಣ್ಣ ಎಷ್ಟಾದರೂ ಹಾಕಿ, ಮುಖಕ್ಕೆ ಮಾತ್ರ ಮುಂದಿನಿಂದ ಒಂದು ಬಿಳಿ ಬೆಳಕು ಇರಲಿ’ ಎಂದು ಕೇಳುವುದು. ಮಗಳ ಗುರುಗಳ ಮೂಲಕ ಹೇಳಿಸಿದರೆ ಇನ್ನೂ ಒಳ್ಳೆಯದು. ನೋಡುವವರಿಗೂ ಅಭಿನಯ ಕಾಣಬೇಕಲ್ಲ.

ವೈಟ್ ಬ್ಯಾಲೆನ್ಸ್ ಆಟೊದಲ್ಲಿ ಬಿಡಬೇಡಿ, ದೀಪ ಬದಲಾದಂತೆಲ್ಲ ಚರ್ಮದ ಬಣ್ಣ ಕುಣಿಯುತ್ತದೆ. ಹ್ಯಾಲೊಜೆನ್ ಇದ್ದರೆ 3200, ಬಿಳಿ ಎಲ್‌ಇಡಿ ಇದ್ದರೆ 5000–5600, ಎರಡೂ ಬೆರೆತಿದ್ದರೆ 4000 ಕೆಲ್ವಿನ್ ಇಟ್ಟು ಮರೆತುಬಿಡಿ. ದೊಂದಿ ಬೆಳಕಿನ ಆಟ ಸಿಕ್ಕರೆ ಆ ಕಿತ್ತಳೆಯನ್ನು ತೊಳೆದು ಬೆಳ್ಳಗೆ ಮಾಡಲು ಹೋಗಬೇಡಿ. ಆ ಬಣ್ಣ ನೋಡಲೆಂದೇ ಜನ ಅಲ್ಲಿಗೆ ಬಂದಿರುತ್ತಾರೆ.

ಈಗ ಪಟ್ಟಿಗಳ ವಿಷಯ. ನಮ್ಮ ಕರೆಂಟು 50 ಹರ್ಟ್ಸ್‌ನದು, ಅದಕ್ಕೆ ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಸೈಲೆಂಟ್ ಮೋಡ್ ಎಂದರೆ ಎಲೆಕ್ಟ್ರಾನಿಕ್ ಶಟರ್; ಅದರಲ್ಲಿ ಸೆನ್ಸರನ್ನು ಮೇಲಿಂದ ಕೆಳಗೆ ಸಾಲುಸಾಲಾಗಿ ಓದುತ್ತಾರೆ. ನೀವು 1/500 ಇಟ್ಟಿದ್ದರೂ ಪೂರ್ತಿ ಚೌಕಟ್ಟು ಓದಿ ಮುಗಿಯಲು 1/30 ಸೆಕೆಂಡು ಹಿಡಿಯಿತು ಎಂದುಕೊಳ್ಳಿ. ಅಷ್ಟರಲ್ಲಿ ದೀಪ ಮೂರು ಸಲ ಮಿನುಗಿರುತ್ತದೆ, ನಿಮ್ಮ ಚಿತ್ರದಲ್ಲಿ ಮೂರು ಪಟ್ಟಿ. ಓಡುವ ಕೈ ಕೋಲು ಬಗ್ಗಿದಂತೆ ಸೊಟ್ಟಗಾಗುವುದೂ ಇದೇ ಕಾರಣಕ್ಕೆ. ಮೆಕ್ಯಾನಿಕಲ್ ಶಟರಿನ ಪರದೆ ಸೆನ್ಸರನ್ನು ಸುಮಾರು 1/200, 1/250 ಸೆಕೆಂಡಿನಲ್ಲೇ ದಾಟುತ್ತದೆ. ಆಗ ಪಟ್ಟಿಗಳು ಹೋಗಿ, ಹೆಚ್ಚೆಂದರೆ ಒಂದು ಫೋಟೊ ಸ್ವಲ್ಪ ಬೆಳಕು, ಮುಂದಿನದು ಸ್ವಲ್ಪ ಮಂಕು, ಇಲ್ಲವೇ ಒಂದು ಬದಿ ತುಸು ಕಪ್ಪು ಆಗುತ್ತದೆ. ಇದಕ್ಕೂ ಮೆನುವಿನಲ್ಲಿ ಆಂಟಿ-ಫ್ಲಿಕರ್ ಅಥವಾ ಫ್ಲಿಕರ್ ರಿಡಕ್ಷನ್ ಎಂಬ ಆಯ್ಕೆ ಇದೆಯೇ ಹುಡುಕಿ. ಅದು ದೀಪ ಪೂರ್ತಿ ಹೊಳೆಯುವ ಗಳಿಗೆ ಕಾದು ಶಟರ್ ಬಿಡುತ್ತದೆ. ಅದರಿಂದ ಬರ್ಸ್ಟ್ (ಒಂದೇ ಒತ್ತಿಗೆ ಸಾಲಾಗಿ ಫೋಟೊ ತೆಗೆಯುವ) ವೇಗ ಒಂಚೂರು ಕಡಿಮೆಯಾಗುತ್ತದೆ, ಅಷ್ಟೆ.

ಮಂಕು ಮಾಡಬಲ್ಲ ರಂಗದ ಎಲ್‌ಇಡಿಗಳು ಇನ್ನೊಂದು ಜಾತಿ. ಅವು ಬೆಳಕು ಇಳಿಸುವುದೇ ಬಹಳ ವೇಗವಾಗಿ ಆರಿ ಹತ್ತಿಕೊಳ್ಳುವ ಮೂಲಕ, ಸೆಕೆಂಡಿಗೆ ನೂರಾರು, ಸಾವಿರಾರು ಸಲ. ಇವಕ್ಕೆ ಸಾಮಾನ್ಯ ಆಂಟಿ-ಫ್ಲಿಕರ್ ಸಾಲದು. ಮೊದಲ ನೃತ್ಯದಲ್ಲಿ 1/500, 1/400, 1/320, 1/250 ಎಂದು ಒಂದೊಂದು ಫೋಟೊ ತೆಗೆದು, ಪಟ್ಟಿ ಕಾಣದ ಅತಿ ವೇಗದ ಶಟರನ್ನು ಆರಿಸಿಕೊಳ್ಳಿ. 1/250 ಕ್ಕೆ ಇಳಿಯಬೇಕಾಗಿ ಬಂದರೆ ತಾಳದ ಮುಕ್ತಾಯದ ಭಂಗಿಗಳನ್ನೇ ಹೆಚ್ಚು ನೆಚ್ಚಿಕೊಳ್ಳಿ.

ಶಟರಿನ ಸದ್ದಿನ ಬಗ್ಗೆ ನಿಮ್ಮ ಕಾಳಜಿ ಸರಿಯಾದದ್ದೇ. ವಿರಹದ ಪದಕ್ಕೆ ವೀಣೆ, ಕೊಳಲು ಮಾತ್ರ ಮೆಲ್ಲನೆ ನುಡಿಯುತ್ತಿರುವಾಗ ಟಕಟಕ ಎಂದರೆ ಮೂರು ಸಾಲು ಹಿಂದಿನವರಿಗೂ ಕಿರಿಕಿರಿ. ಅಂಥ ಕಡೆ ಸೈಲೆಂಟ್ ಮೋಡ್ ಹಾಕಿ ಶಟರನ್ನು 1/100 ಕ್ಕೆ ಇಳಿಸಿ. 100 ಮಿನುಗಿಗೆ 1/100 ಸರಿಯಾಗಿ ಕೂಡುವುದರಿಂದ ಟ್ಯೂಬ್‌ಲೈಟಿನ ಪಟ್ಟಿ ಬರುವುದಿಲ್ಲ, ಅಭಿನಯದ ನಿಧಾನಗತಿಗೆ ಅಷ್ಟು ಶಟರ್ ಹೇಗೋ ಸಾಕಾಗುತ್ತದೆ. ಜತಿ ಶುರುವಾದೊಡನೆ ಮೆಕ್ಯಾನಿಕಲ್‌ಗೆ ಮರಳಿ. ಮೃದಂಗ, ನಟ್ಟುವಾಂಗ (ತಾಳ ಹಾಕುತ್ತ ಜತಿ ಹೇಳುವುದು), ಗೆಜ್ಜೆಯ ನಡುವೆ ನಿಮ್ಮ ಕ್ಲಿಕ್ಕು ಯಾರಿಗೂ ಕೇಳಿಸದು.

ಇನ್ನು ಕಿವಿಯ ಕೆಲಸ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಓಗೊಡಲು ಸುಮಾರು 0.2 ಸೆಕೆಂಡು ಬೇಕು, ಅದರ ಮೇಲೆ ಕ್ಯಾಮೆರಾದ್ದೊಂದು ಪುಟ್ಟ ತಡ. ಭಂಗಿ ಕಂಡ ಮೇಲೆ ಒತ್ತಿದರೆ ಸಿಗುವುದು ಭಂಗಿ ಬಿಟ್ಟ ಮೇಲಿನ ಚಿತ್ರ. ಆದರೆ ನಮ್ಮ ನೃತ್ಯಗಳಲ್ಲಿ ಮುಂದೇನು ಎನ್ನುವುದನ್ನು ತಾಳ ಮೊದಲೇ ಹೇಳಿಬಿಡುತ್ತದೆ. ಭರತನಾಟ್ಯದ ಜತಿಯನ್ನು ಮುಗಿಸುವ, ‘ತೀರ್ಮಾನ’ ಎಂಬ ಕೊನೆಯ ಸೊಲ್ಲುಗಳನ್ನು ಗಮನವಿಟ್ಟು ಕೇಳಿ. ನಟ್ಟುವಾಂಗದವರು ‘ತದಿಂಗಿಣತೊಂ’ ಎಂದು ಒಮ್ಮೆ ಹೇಳುತ್ತಾರೆ. ಅಲ್ಲಿಗೆ ಕ್ಯಾಮೆರಾ ಕಣ್ಣಿಗೆ ಬರಲಿ. ಎರಡನೆಯ ‘ತದಿಂಗಿಣತೊಂ’ಗೆ ಗುಂಡಿಯನ್ನು ಅರ್ಧ ಒತ್ತಿ ಫೋಕಸ್ ಹಿಡಿದಿಟ್ಟುಕೊಳ್ಳಿ. ಮೂರನೆಯದರಲ್ಲಿ ‘ತದಿಂಗಿ’ ಎನ್ನುವಾಗ ನರ್ತಕಿಯ ಕೈ ಇನ್ನೂ ದಾರಿಯಲ್ಲಿದೆ, ಮೈ ಅರೆಮಂಡಿಗೆ (ಮೊಣಕಾಲು ಬಾಗಿಸಿ ಅರ್ಧ ಕೂರುವ ಭಂಗಿಗೆ) ಇಳಿಯುತ್ತಿದೆ. ‘ಣ’ ಕೇಳಿದೊಡನೆ ಬೆರಳು ಹೊರಡಬೇಕು. ‘ತೊಂ’ ಎನ್ನುವಲ್ಲಿ ಪಾದ ನೆಲಕ್ಕೆ ಬಡಿದು, ಹಸ್ತ ಜಾಗಕ್ಕೆ ಬಂದು, ದೃಷ್ಟಿ ಹಸ್ತದ ಮೇಲೆ ನಿಂತು, ಮೈಯೆಲ್ಲ ಒಂದು ಗಳಿಗೆ ಅಲ್ಲಾಡದೆ ನಿಲ್ಲುತ್ತದೆ. ಶಟರ್ ಬೀಳಬೇಕಾದ್ದು ಅಲ್ಲಿ. ಮೂರು ನಾಲ್ಕು ಚಿತ್ರದ ಪುಟ್ಟ ಬರ್ಸ್ಟ್ ಸಾಕು. ಜತಿ ಪೂರ್ತಿ ಗುಂಡಿ ಒತ್ತಿ ಹಿಡಿದರೆ ಸರಿಯಾಗಿ ‘ತೊಂ’ ಬರುವ ಹೊತ್ತಿಗೆ ಕ್ಯಾಮೆರಾದ ಬಫರ್ (ತಾತ್ಕಾಲಿಕ ನೆನಪು) ತುಂಬಿ ಶಟರ್ ತಡವರಿಸುತ್ತದೆ.

ಇದು ನಿಮಗೆ ಬೇರೆಯವರಿಗಿಂತ ಸುಲಭ. ಮನೆಯಲ್ಲೇ ನರ್ತಕಿ ಇದ್ದಾಳೆ. ಅಭ್ಯಾಸದ ಹೊತ್ತಿನಲ್ಲಿ ಅವಳ ಜತಿಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಕೈಯಲ್ಲಿ ತಾಳ ಹಾಕುತ್ತ ನಾಲ್ಕು ಸಲ ಕೇಳಿ. ವರ್ಣದಲ್ಲಿ ಎಷ್ಟು ಜತಿ, ಯಾವುದರ ಕೊನೆಯ ಭಂಗಿ ಯಾವ ಕಡೆಗೆ, ತಿಲ್ಲಾನದಲ್ಲಿ ಜಿಗಿತ ಎಲ್ಲಿ, ಇದನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಯಕ್ಷಗಾನದಲ್ಲಿ ಚೀಟಿ ಇಲ್ಲ, ಆದರೆ ಚೆಂಡೆ ಇದೆ. ಭಾಗವತರು ಏರುಪದ (ಬಿರುಸಿನ ಹಾಡು) ಎತ್ತಿಕೊಂಡು, ಚೆಂಡೆಯ ಪೆಟ್ಟು ದಟ್ಟವಾಗುತ್ತ ಹೋದರೆ ಕುಣಿತ ಬಿರುಸಾಗುತ್ತದೆ ಎಂದೇ ಅರ್ಥ. ಧೀಂಗಿಣಕ್ಕೆ ಮೊದಲು ವೇಷಧಾರಿ ಜಾಗ ಮಾಡಿಕೊಳ್ಳುತ್ತಾರೆ, ಆಮೇಲೆ ಗಿರಕಿ ಹೊಡೆಯುತ್ತಲೇ ರಂಗಸ್ಥಳವನ್ನು ಸುತ್ತುತ್ತಾರೆ. ಬೆನ್ನಟ್ಟಿ ಫೋಕಸ್ ಮಾಡುವ ಬದಲು ಅವರು ನಿಮ್ಮ ಎದುರಿನ ಅಂಚಿಗೆ ಬರುವ ಜಾಗವನ್ನು ಮೊದಲೇ ಗುರುತಿಟ್ಟುಕೊಂಡು ಅಲ್ಲಿಗೆ ಬಂದಾಗ ಹೊಡೆಯಿರಿ. ಬಡಗುತಿಟ್ಟಿನ ಮಂಡಿಯಲ್ಲಿ ವೇಷ ನೆಲಕ್ಕಿಳಿದಿರುತ್ತದೆ, ಆದ್ದರಿಂದ ಕ್ಯಾಮೆರಾ ಅಡ್ಡಕ್ಕೆ ಹಿಡಿಯಿರಿ, ಮುಂದೆ ಕೂತವರ ತಲೆ ಅಡ್ಡ ಬಾರದ ಜಾಗ ಮೊದಲೇ ನೋಡಿಟ್ಟಿರಿ. ಒಡ್ಡೋಲಗದಲ್ಲಿ (ಪಾತ್ರದ ಮೊದಲ ಪ್ರವೇಶದಲ್ಲಿ) ತೆರೆಯ ಮೇಲಿನಿಂದ ಕಿರೀಟ, ಕಣ್ಣು ಮಾತ್ರ ಕಾಣುವ ಹೊತ್ತೂ ಹಾಗೆಯೇ ಸಿದ್ಧತೆ ಕೇಳುತ್ತದೆ. ತೆರೆ ಸರಿದ ಮೇಲೆ ಅದು ಮತ್ತೆ ಸಿಗುವುದಿಲ್ಲ.

ಫೋಕಸ್ಸಿಗೆ ಎಎಫ್-ಸಿ (ಚಲಿಸುವವರನ್ನು ಬಿಡದೆ ಹಿಂಬಾಲಿಸುವ ಫೋಕಸ್) ಇಡಿ, ಕ್ಯಾನನ್ ಡಿಎಸ್‌ಎಲ್‌ಆರ್ ಆದರೆ ಎಐ ಸರ್ವೊ. ಕಣ್ಣು ಗುರುತಿಸುವ ಸೌಲಭ್ಯ ಇದ್ದರೆ ಭರತನಾಟ್ಯಕ್ಕೆ ಧೈರ್ಯವಾಗಿ ಬಳಸಿ. ಬಣ್ಣದ ವೇಷದ ಮುಂದೆ ಅದು ಕೈಕೊಡುತ್ತದೆ, ಅಷ್ಟು ಬರವಣಿಗೆಯ ನಡುವೆ ಅದಕ್ಕೆ ಮುಖವೇ ಸಿಗುವುದಿಲ್ಲ. ಆಗ ಒಂದೇ ಬಿಂದು ಆರಿಸಿ ಎದೆಪದಕದ ಮೇಲೋ ಮುಖದ ಮೇಲೋ ಇಟ್ಟು ಹಿಂಬಾಲಿಸಿ. 6 ಮೀಟರ್ ದೂರದಿಂದ 50 ಎಂ.ಎಂ. ಎಫ್ 1.8 ರಲ್ಲಿ ಸ್ಪಷ್ಟವಾಗಿ ಸಿಗುವ ಆಳ ಸುಮಾರು 1 ಮೀಟರ್, ಎಂದರೆ ಮುಖದ ಹಿಂದೆ ಮುಂದೆ ಅರ್ಧರ್ಧ ಮೀಟರ್. ಮುಂದಕ್ಕೆ ಚಾಚಿದ ಹಸ್ತ ಆ ಅಂಚಿನಲ್ಲೇ ಇರುತ್ತದೆ. 4 ಮೀಟರಿಗೆ ಹತ್ತಿರ ಹೋದರೆ ಅದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಅಲ್ಲಿ ಎಫ್ 2.8 ಮಾಡಿಕೊಳ್ಳಿ.

6 ಮೀಟರ್ ಎಂದದ್ದಕ್ಕೆ ಕಾರಣವಿದೆ. ನಿಮ್ಮ ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೆ ಆ ದೂರದಿಂದ ಚೌಕಟ್ಟಿನಲ್ಲಿ 2.8 ಮೀಟರ್ ಎತ್ತರ ಸಿಗುತ್ತದೆ. ನರ್ತಕಿ ಕೈ ಎತ್ತಿದರೂ, ಕಿರೀಟ ಕಟ್ಟಿದ ವೇಷ ಹಾರಿದರೂ ತಲೆ, ಪಾದ ಕತ್ತರಿಸದೆ ಒಳಗಿರುತ್ತವೆ. ಪಾದ ಕತ್ತರಿಸಿದ ನೃತ್ಯದ ಫೋಟೊ ನರ್ತಕರಿಗೆ ಬಹಳ ನೋವು ಕೊಡುತ್ತದೆ, ತಾಳವೆಲ್ಲ ಇರುವುದು ಅಲ್ಲೇ. ಮುಂದೊಮ್ಮೆ ಲೆನ್ಸ್ ಕೊಳ್ಳುವುದಾದರೆ 85 ಎಂ.ಎಂ. ಎಫ್ 1.8 ತೆಗೆದುಕೊಳ್ಳಿ. 10 ಮೀಟರ್ ಹಿಂದಿನಿಂದ ಅದು ಇದೇ ಚೌಕಟ್ಟು ಕೊಡುತ್ತದೆ, 6 ಮೀಟರಿನಿಂದ ಸೊಂಟದ ಮೇಲಿನ ಅಭಿನಯ ಕೊಡುತ್ತದೆ.

ಮೊದಲ ಸಾಲು ಒಳ್ಳೆಯ ಜಾಗ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ರಂಗ ಮೂರು ನಾಲ್ಕು ಅಡಿ ಎತ್ತರ ಇರುವಾಗ ಮೊದಲ ಸಾಲಿನಿಂದ ಕಾಣುವುದು ಗಲ್ಲದ ಕೆಳಭಾಗ, ಮೂಗಿನ ಹೊಳ್ಳೆ. ಅರೆಮಂಡಿ ಕೂತದ್ದು ಗಿಡ್ಡವಾಗಿ ಕಾಣುತ್ತದೆ. ಲೆನ್ಸ್ ನರ್ತಕಿಯ ಸೊಂಟದ ಮಟ್ಟಕ್ಕೆ ಬರುವ ನಾಲ್ಕನೆಯ, ಐದನೆಯ ಸಾಲಿನ ಬದಿಯ ಕುರ್ಚಿ ಹಿಡಿಯಿರಿ. ಭರತನಾಟ್ಯದಲ್ಲಿ ಹಿಮ್ಮೇಳ ಸಾಮಾನ್ಯವಾಗಿ ಪ್ರೇಕ್ಷಕರ ಎಡಗಡೆ ಕೂರುತ್ತದೆ. ಬಲಬದಿಯಿಂದ ತೆಗೆದರೆ ನರ್ತಕಿಯ ಹಿಂದೆ ಮೈಕುಗಳೂ ಹಿಮ್ಮೇಳವೂ ಬರುತ್ತವೆ. ಎಡ ಹಜಾರದಿಂದ ಹಿನ್ನೆಲೆ ಚೊಕ್ಕ. ಬಯಲಾಟದಲ್ಲಿ ಹಿಂದಿನ ಬ್ಯಾನರು, ನೇರ ಕಣ್ಣಿಗೆ ಹೊಡೆಯುವ ಟ್ಯೂಬು ತಪ್ಪಿಸಲು ಸ್ವಲ್ಪ ಪಕ್ಕಕ್ಕೆ ಸರಿದು ನಿಂತು, ಭಾಗವತರು ವೇಷದ ಹಿಂದೆ ತುಸು ಮಸುಕಾಗಿ ಕಾಣುವ ಕೋನ ಹುಡುಕಿ. ಅವರಿಲ್ಲದ ಚಿತ್ರದಲ್ಲಿ ಆಟದ ಅರ್ಧ ಇಲ್ಲ.

ಫ್ಲ್ಯಾಶ್ ಎಂದೂ ಬೇಡ. ಗಿರಕಿಯ ನಡುವೆ ಕಣ್ಣಿಗೆ ಹೊಡೆದರೆ ಕಲಾವಿದರು ದಿಕ್ಕು ತಪ್ಪಿ ಬೀಳಬಹುದು. ಫೋಕಸ್ಸಿಗೆಂದು ಉರಿಯುವ ಕಿತ್ತಳೆ ದೀಪವನ್ನೂ ಆರಿಸಿ, ಇದನ್ನು ಮರೆಯುವವರೇ ಹೆಚ್ಚು. ಬೀಪ್ ಆರಿಸಿ, ತೆಗೆದ ಫೋಟೊ ತಾನಾಗಿ ತೆರೆಯ ಮೇಲೆ ಬೆಳಗುವುದನ್ನೂ ನಿಲ್ಲಿಸಿ. ಟ್ರೈಪಾಡ್ ದಾರಿಗೆ ಅಡ್ಡ, ಮಾನೊಪಾಡ್ ಇರಲಿ. ಬಯಲಾಟದಲ್ಲಿ ಫೋಟೊ ತೆಗೆಯುವ ಮುಂಚೆ ಮೇಳದವರ ಒಪ್ಪಿಗೆ ಕೇಳಿ. ಚೌಕಿಯೊಳಗೆ (ವೇಷ ಕಟ್ಟಿಕೊಳ್ಳುವ ಜಾಗದಲ್ಲಿ) ದೇವರ ಪೂಜೆ ನಡೆಯುತ್ತದೆ, ಚಪ್ಪಲಿ ಹೊರಗೆ ಬಿಡಬೇಕು; ಬಣ್ಣ ಬರೆದುಕೊಳ್ಳುತ್ತಿರುವವರ ಕನ್ನಡಿಗೂ ಮುಖಕ್ಕೂ ನಡುವೆ ನಿಲ್ಲಬಾರದು.

ಮನೆಗೆ ಬಂದ ಮೇಲಿನ ಕೆಲಸ ಕಡಿಮೆ ಇರಲಿ. ಕಾಳು ತೆಗೆಯುವಾಗ ರೇಷ್ಮೆಯ ನೇಯ್ಗೆ, ಹುಬ್ಬಿನ ಕೂದಲು ಉಳಿಯುವಲ್ಲಿಗೆ ನಿಲ್ಲಿಸಿ. ಕಪ್ಪು ಪರದೆ ಕಪ್ಪಾಗಿಯೇ ಇರಲಿ, ನೆರಳು ಎತ್ತಿದರೆ ಕಾಳೆಲ್ಲ ಅಲ್ಲಿಂದಲೇ ಏಳುತ್ತದೆ. ಆಮೇಲೆ ಆರಿಸುವುದು. ಇಲ್ಲಿ ಫೋಟೊ ತೆಗೆದವರ ಕಣ್ಣೊಂದೇ ಸಾಲದು. ಕೂದಲೆಳೆಯೂ ಕಾಣುವಷ್ಟು ಸ್ಪಷ್ಟವಾಗಿ ಬಂದ ಚಿತ್ರದಲ್ಲಿ ಮೊಣಕೈ ಜೋತುಬಿದ್ದಿರಬಹುದು, ಪತಾಕ ಹಸ್ತದ ಹೆಬ್ಬೆರಳು ಬಿಚ್ಚಿಕೊಂಡಿರಬಹುದು, ಅರೆಮಂಡಿ ಅರ್ಧಕ್ಕೇ ನಿಂತಿರಬಹುದು. ನಿಮಗೆ ಚೆಂದ ಕಂಡರೂ ಗುರುಗಳ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಯಾರಿಗೂ ಕಳುಹಿಸುವ ಮೊದಲು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆರಿಸಿ, ಅವಳು ಬೇಡವೆಂದದ್ದನ್ನು ಅಳಿಸಿಬಿಡಿ.